ಸೈಕಲ್ ಬಿಟ್ಟುಕೊಟ್ಟ ಗುಟ್ಟು

ಮಳವಳ್ಳಿ ಕಡೆಯ ನಮ್ಮ ದೊಡ್ಡಪ್ಪ ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ತರುತ್ತಿದ್ದರು. ಗೇಟಿನಿಂದ ಟೀ ಅಂಗಡಿಗೆ ನೂರು ಹೆಜ್ಜೆ, ಅಷ್ಟರಲ್ಲೇ ಎರಡು ಸಲ ಕುಕ್ಕರುಗಾಲಲ್ಲಿ ಕೂರೋರು. ಕುಂಡಿಯಿಂದ ಮೀನಖಂಡದವರೆಗೂ ಜೋಮು. ಎರಡು ನಿಮಿಷ ಕೂತರೆ ಮಾಯ. "ನಡ್ಯಕಾಗಕಿಲ್ಲ ಕಣ್ಲ, ಸೈಕಲ್ ಕೊಡು, ಮಂಡ್ಯಗಂಟ ಹೋಯ್ತೀನಿ" ಅನ್ನೋರು. ಮನೆಯವರ ಕಣ್ಣಿಗೆ ಅದು ಬರೀ ಸೋಗು.

ಇಂಥದೇ 'ಸೋಗಿನ' ರೋಗಿಗಳನ್ನು ನಂಬಿದವರು ನೆದರ್ಲೆಂಡ್ಸ್‌ನ ಊಟ್ರೆಕ್ಟ್ ನಗರದ ನರಶಸ್ತ್ರವೈದ್ಯ ಹೆಂಕ್ ವೆರ್ಬೀಸ್ಟ್. ಮಲಗಿಸಿ ಪರೀಕ್ಷಿಸಿದರೆ ಎಲ್ಲ ಸರಿ, ಎದ್ದು ನಡೆದರೆ ಕಾಲು ಸೋಲುತ್ತಿತ್ತು. ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ಬೆನ್ನೊಳಗೆ ಬಿಟ್ಟು ನೋಡಿದರು. ಸೊಂಟದ ಹತ್ತಿರ ಅದು ನಿಂತುಬಿಟ್ಟಿತು. ಬೆನ್ನು ತೆರೆದಾಗ ಗೆಡ್ಡೆಯಿರಲಿಲ್ಲ. ನರಗಳು ಇಳಿಯುವ ಮೂಳೆಯ ಹಾದಿಯೇ ಇಕ್ಕಟ್ಟು, ಏರಿ ಒಳಕ್ಕೆ ಉಬ್ಬಿದ ನಾಲೆಯ ಹಾಗೆ. ಹಿಂಬದಿಯ ಮೂಳೆ ತೆಗೆದು ಜಾಗ ಮಾಡಿಕೊಟ್ಟರು. ಇದನ್ನು 1949ರಲ್ಲಿ ಫ್ರೆಂಚಿನಲ್ಲಿ, 1954ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ಮುಂದೆ ಆ ಹಾದಿಯನ್ನು ಅಳೆದೂ ನೋಡಿದರು: ಮುಂದಿನಿಂದ ಹಿಂದಕ್ಕೆ 10 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಪೂರಾ ಇಕ್ಕಟ್ಟು.

ಹಾಗಾದರೆ ಸೈಕಲ್ ಹೇಗೆ ಆಗಿಬರುತ್ತದೆ? ನೆಟ್ಟಗೆ ನಿಂತಾಗ ಬೆನ್ನುಮೂಳೆಯ ಒಳಗಿನ ಹಳದಿ ಪಟ್ಟಿ ಮಡಿಚಿಕೊಂಡು ನರಗಳ ಮೇಲೆ ಒತ್ತುತ್ತದೆ. ಹ್ಯಾಂಡಲ್ ಮೇಲೆ ಬಾಗಿದರೆ ಅದು ಎಳೆದುಕೊಂಡು ತೆಳುವಾಗುತ್ತದೆ, ಹಾದಿ ತುಸು ಅಗಲವಾಗುತ್ತದೆ. 1977ರಲ್ಲಿ ಅಮೆರಿಕದ ಡಿಕ್ ಮತ್ತು ಡಾಯ್ಲ್ ಇದನ್ನೇ ಪರೀಕ್ಷೆಯಾಗಿ ಬರೆದರು. ಕಾಲಿನ ರಕ್ತನಾಳ ಕಟ್ಟಿ ಹೀಗೇ ನಡೆಯಲಾಗದವರಿಗೆ ಬಾಗಿ ತುಳಿದರೂ ಕಾಲು ನೋಯುತ್ತದೆ. ನರದ ಹಾದಿ ಇಕ್ಕಟ್ಟಾದವರಿಗೆ ಬಾಗಿದರೆ ಹಗುರ.

ದೊಡ್ಡಪ್ಪನಿಗೆ ಕೈರೋಪ್ರಾಕ್ಟಿಕ್ ಮಾಡಿಸಿ ಅಂದವರಿದ್ದರು. 1895ರಲ್ಲಿ ಅಮೆರಿಕದ ಡಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ ಕಿವಿ ಕೇಳದವನೊಬ್ಬನ ಬೆನ್ನು ಒತ್ತಿದ್ದರಿಂದ ಶುರುವಾದ ಪದ್ಧತಿ ಅದು. ಕೈಯಿಂದ ಒತ್ತಿ ನೀವಿದರೆ ಬಿಗಿದ ಸೊಂಟ ಸಡಿಲಗೊಂಡು ಕೆಲವರಿಗೆ ನೋವು ಇಳಿಯುತ್ತದೆ, ಮುಂದಕ್ಕೆ ಬಾಗುವ ವ್ಯಾಯಾಮವೂ ಸಹಾಯಕ್ಕೆ ಬರುತ್ತದೆ. ಆದರೆ ದಪ್ಪಗಾದ ಮೂಳೆ ಯಾರ ಕೈಗೂ ಕರಗುವುದಿಲ್ಲ. ಮೂಳೆ ಸವೆದ ಮುದುಕರ ಬೆನ್ನನ್ನು 'ಲಟಕ್' ಅನ್ನಿಸುವುದು ನನಗಂತೂ ಒಪ್ಪಿಗೆಯಿಲ್ಲ. ಕಾಲಿನ ಬಲ ಕುಂದಿದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಕೊನೆಗೆ ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಪಾದದ ನಾಡಿ ಮುಟ್ಟಿ ನೋಡಿ, "ಯಜಮಾನ್ರೆ, ಸೈಕಲ್ ತುಳಿಯೋಕಾಗುತ್ತಾ?" ಅಂದರು.

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಮೊದಲು ನಮ್ಮ ಕಡೆ ತಿರುಗಿ ನೋಡಿದರು.