ಯೂರೋವಿಷನ್ ನೋಡಲು ಹೊರಟವರಿಗೆ ಆತಿಥೇಯ ನಗರದಲ್ಲಿ ಏನು ಕಾದಿದೆ?

ಬೆಂಗಳೂರು: ಪ್ರತಿ ವರ್ಷ ಮೇ ತಿಂಗಳಿನಲ್ಲಿ ಯೂರೋಪಿನ ಯಾವುದಾದರೊಂದು ನಗರ ಒಂದು ವಾರದ ಮಟ್ಟಿಗೆ ಹಾಡಿನ ಜಾತ್ರೆಗೆ ತೆರೆದುಕೊಳ್ಳುತ್ತದೆ. ಯೂರೋವಿಷನ್ ಗೀತ ಸ್ಪರ್ಧೆ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಕೇವಲ ಏಳು ದೇಶಗಳೊಂದಿಗೆ ಆರಂಭವಾಯಿತು. 2025ರಲ್ಲಿ ಅದೇ ದೇಶದ ಬಾಸೆಲ್ ನಗರದಲ್ಲಿ 37 ದೇಶಗಳು ಪಾಲ್ಗೊಂಡವು. ಭಾರತ ಸ್ಪರ್ಧೆಯಲ್ಲಿಲ್ಲ. ಆದರೆ ಭಾಗವಹಿಸದ ದೇಶಗಳ ಪ್ರೇಕ್ಷಕರೂ ಹಣ ತೆತ್ತು ಅಂತರ್ಜಾಲದ ಮೂಲಕ ಮತ ಹಾಕುವ ಅವಕಾಶ 2023ರಲ್ಲಿ ಆರಂಭವಾಯಿತು. ಅವರೆಲ್ಲರ ಮತಗಳನ್ನು ಒಟ್ಟುಗೂಡಿಸಿ ಒಂದು ದೇಶದ ಮತವೆಂದು ಎಣಿಸಲಾಗುತ್ತದೆ. ರಾಜಾಜಿನಗರದ ಮನೆಯಲ್ಲಿ ಕುಳಿತು ಮತ ಹಾಕಿದವರಿಗೆ ಅಲ್ಲಿಗೇ ಹೋಗಿ ನೋಡುವ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ.

ಗೆದ್ದ ದೇಶವೇ ಮುಂದಿನ ವರ್ಷದ ಆತಿಥೇಯ ಎಂಬುದು ರೂಢಿ. ಯುದ್ಧದ ಕಾರಣ ಉಕ್ರೇನ್ ಪರವಾಗಿ 2023ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಈ ಹೊಣೆ ಹೊತ್ತದ್ದು ಅಪವಾದ. ಬಾಸೆಲ್‌ನಲ್ಲಿ ಆಸ್ಟ್ರಿಯಾದ ಗಾಯಕ ಜೆಜೆ ಗೆದ್ದ ಕಾರಣ 2026ರ ಸ್ಪರ್ಧೆ ವಿಯೆನ್ನಾಕ್ಕೆ ಹೋಯಿತು. ಇನ್ಸ್‌ಬ್ರುಕ್ ನಗರವನ್ನು ಹಿಂದಿಕ್ಕಿ ವಿಯೆನ್ನಾ ಆಯ್ಕೆಯಾದದ್ದು 2025ರ ಆಗಸ್ಟ್‌ನಲ್ಲಿ. ಅಂದರೆ ಎಲ್ಲಿಗೆ ಹೋಗಬೇಕೆಂಬುದೇ ಅಭಿಮಾನಿಗೆ ತಿಳಿಯುವುದು ಸ್ಪರ್ಧೆಗೆ ಒಂಬತ್ತು ತಿಂಗಳಿರುವಾಗ.

ಇಲ್ಲಿಂದ ಹೋಗುವವರಿಗೆ ಮೊದಲ ತೊಡಕು ವೀಸಾ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಲೇಬೇಕು. 2024ರ ಜೂನ್‌ನಲ್ಲಿ ವಯಸ್ಕರ ಶುಲ್ಕ 90 ಯೂರೋಗೆ ಏರಿತು. ಕನಿಷ್ಠ 30 ಸಾವಿರ ಯೂರೋ ಮೊತ್ತದ ವೈದ್ಯಕೀಯ ವಿಮೆ, ವಸತಿಯ ದಾಖಲೆ ಬೇಕು. ವಸತಿಯ ವಿಚಾರದಲ್ಲೇ ಜೇಬು ಸುಡುವುದು. ಆತಿಥೇಯ ನಗರದ ಹೆಸರು ಹೊರಬಿದ್ದೊಡನೆ ಹೋಟೆಲ್ ದರ ಮೇಲೇರುತ್ತದೆ, ಟಿಕೆಟ್ ಮಾರಾಟ ಶುರುವಾಗುವುದು ಮಾತ್ರ ತಿಂಗಳುಗಳ ನಂತರ. ಬಾಸೆಲ್‌ಗೆ ಹೋದವರಿಗೆ ಒಂದು ಅನುಕೂಲವಿತ್ತು. ಅಲ್ಲಿನ ಟ್ರಾಮ್‌ಗಳು ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್‌ಗೂ ಫ್ರಾನ್ಸಿನ ಸೇಂಟ್ ಲೂಯಿಗೂ ಓಡುತ್ತವೆ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ಬಂದಂತೆ ನೆರೆದೇಶದಲ್ಲಿ ಮಲಗೆದ್ದು ಸ್ಪರ್ಧೆಗೆ ಬರಬಹುದಿತ್ತು.

ಟಿಕೆಟ್ ಸಿಗದವರು ನಿರಾಶರಾಗಬೇಕಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. ಟಿ.ವಿ.ಯಲ್ಲಿ ಬರುವುದು ಎರಡು ಸೆಮಿಫೈನಲ್, ಒಂದು ಫೈನಲ್ ಮಾತ್ರ. ಆದರೆ ಪ್ರತಿಯೊಂದಕ್ಕೂ ಮುನ್ನ ಪ್ರೇಕ್ಷಕರ ಎದುರೇ ಎರಡು ಪೂರ್ಣ ಪ್ರದರ್ಶನಗಳು, ಹಿಂದಿನ ಸಂಜೆಯೊಂದು ಮತ್ತು ಅದೇ ದಿನದ ಮಧ್ಯಾಹ್ನವೊಂದು, ನಡೆಯುತ್ತವೆ. ಒಟ್ಟು ಒಂಬತ್ತು. ಫೈನಲ್‌ನಲ್ಲಿ ತೀರ್ಪುಗಾರರು ಅಂಕ ನೀಡುವುದು ಹಿಂದಿನ ಸಂಜೆಯ ಹಾಡುಗಾರಿಕೆಗೆ. ಫಲಿತಾಂಶದ ಸರಿಸುಮಾರು ಅರ್ಧ ಭಾಗ ಟಿ.ವಿ. ಪ್ರೇಕ್ಷಕರು ಕೂರುವ ಮೊದಲೇ ನಿರ್ಧಾರವಾಗಿರುತ್ತದೆ! ಬಲ್ಲ ಅಭಿಮಾನಿಗಳು ಈ ಸಂಜೆಯ ಟಿಕೆಟ್ಟನ್ನೇ ಅರಸುತ್ತಾರೆ.

ಸಭಾಂಗಣದ ಹೊರಗೂ ಊರಿಡೀ ಹಬ್ಬ. ಬಾಸೆಲ್‌ನಲ್ಲಿ 2025ರ ಮೇ 11ರಂದು ಸ್ಪರ್ಧಿಗಳೆಲ್ಲ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಫೈನಲ್ ದಿನ, ಮೇ 17ರಂದು, ಸಭಾಂಗಣದ ಸಮೀಪದ ಸೇಂಟ್ ಯಾಕೋಬ್ ಪಾರ್ಕ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ದೊಡ್ಡ ಪರದೆ ಹಾಕಿ, ಒಳಗೆ ಜಾಗ ಸಿಗದ ಸಾವಿರಾರು ಮಂದಿಗೆ ಪ್ರತ್ಯೇಕ ಟಿಕೆಟ್ ನೀಡಲಾಗಿತ್ತು. ಇದಕ್ಕೆಲ್ಲ ಹಣ ಎಲ್ಲಿಂದ? ಸುಮಾರು 3.5 ಕೋಟಿ ಫ್ರಾಂಕ್ ವೆಚ್ಚಕ್ಕೆ ವಿರೋಧ ಬಂದಾಗ 2024ರ ನವೆಂಬರ್‌ನಲ್ಲಿ ಬಾಸೆಲ್‌ನ ಮತದಾರರನ್ನೇ ಕೇಳಲಾಯಿತು. ಮೂರನೇ ಎರಡರಷ್ಟು ಮಂದಿ ಒಪ್ಪಿದರು. ಅತಿಥಿಗಳನ್ನು ಕರೆಯುವ ಮೊದಲು ಮನೆಯವರನ್ನು ಕೇಳುವ ಈ ಕ್ರಮ ಗಮನಾರ್ಹ.

ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. 2025ರ ಫೆಬ್ರುವರಿಯಲ್ಲಿ ಎಡ್ ಶೀರನ್ ತುಮಕೂರು ರಸ್ತೆಯ ನೈಸ್ ಮೈದಾನದಲ್ಲಿ ಎರಡು ದಿನ ಹಾಡಿದ್ದರು. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ವಿಸ್ತರಣೆಯಾಗಿತ್ತು. ರಾಜಾಜಿನಗರದವರಿಗೆ ವಾಹನ ನಿಲ್ಲಿಸುವ ಚಿಂತೆಯಿಲ್ಲದೆ ಹೋಗಿಬರುವ ದಾರಿಯೊಂದು ತೆರೆದಿತ್ತು.

ಆದರೆ ಬಾಸೆಲ್ ಫೈನಲ್ ಮುಗಿದ 18ನೇ ದಿನ ಇಲ್ಲಿ ನಡೆದದ್ದೇ ಬೇರೆ. ಐಪಿಎಲ್ ಗೆದ್ದ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವನ್ನು ನೋಡಲು 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಎರಡರಿಂದ ಮೂರು ಲಕ್ಷ ಜನ ನೆರೆದಿದ್ದರೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಒಳಗಿನ ಸಾಮರ್ಥ್ಯ ಸುಮಾರು 35 ಸಾವಿರ. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಅಭಿಮಾನ ಎರಡೂ ಊರುಗಳಲ್ಲಿ ಒಂದೇ. ಒಳಗೆ ಸೇರದ ಜನ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಒಂದು ಊರು ತಿಂಗಳುಗಳ ಮೊದಲೇ ಉತ್ತರ ಹುಡುಕಿತ್ತು. ಇನ್ನೊಂದು ಊರಿಗೆ ಸಿಕ್ಕಿದ್ದು ಒಂದೇ ರಾತ್ರಿ.

ಪರಿಣಾಮ ತಡವಾಗಲಿಲ್ಲ. ಆ ವರ್ಷದ ಮಹಿಳಾ ವಿಶ್ವಕಪ್ ಕ್ರಿಕೆಟ್‌ನ ಉದ್ಘಾಟನಾ ಪಂದ್ಯವೂ ಸೇರಿದಂತೆ ಬೆಂಗಳೂರಿಗೆ ನಿಗದಿಯಾಗಿದ್ದ ಪಂದ್ಯಗಳನ್ನು ಆಗಸ್ಟ್‌ನಲ್ಲಿ ಇಲ್ಲಿಂದ ಹಿಂತೆಗೆದುಕೊಳ್ಳಲಾಯಿತು. ಆತಿಥೇಯ ನಗರಗಳ ಪಟ್ಟಿಗೆ ಬದಲಿಯಾಗಿ ನವಿ ಮುಂಬೈ ಸೇರಿತು. ಭಾರತದ ವನಿತೆಯರು ನವೆಂಬರ್ 2ರಂದು ವಿಶ್ವಕಪ್ ಎತ್ತಿದ್ದು ಅಲ್ಲಿಯೇ.