ಕೋಶಕೇಂದ್ರದ ಕಾವಲು ಪೊರೆ

ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿಯಾದ ರಾಬರ್ಟ್ ಬ್ರೌನನು ಆರ್ಕಿಡ್ ಗಿಡಗಳ ಎಲೆಯ ಸಿಪ್ಪೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದಾಗ, ಒಂದೊಂದು ಜೀವಕೋಶದೊಳಗೂ ದುಂಡಗಿನ ಮಸುಕು ಬಿಲ್ಲೆಯೊಂದು ಕಂಡಿತು. ೧೮೩೧ರಲ್ಲಿ ಅದನ್ನು ಆತನು 'ನ್ಯೂಕ್ಲಿಯಸ್' ಎಂದು ಕರೆದನು. ಇದೇ ಕೋಶಕೇಂದ್ರ.

ಮಾನವನ ಒಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಳೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಸುಮಾರು ೨ ಮೀಟರು ಉದ್ದವಾಗುವುದು. ಅಷ್ಟೂ ಎಳೆಯು, ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಿರಿದಾದ ಕೋಶಕೇಂದ್ರದೊಳಗೆ ಸುರುಳಿಗೊಂಡು ಅಡಗಿದೆ.

ಇದನ್ನು ಆವರಿಸಿರುವ ಪೊರೆ ಒಂದಲ್ಲ, ಎರಡು. ೧೯೫೦ರಲ್ಲಿ ಕ್ಯಾಲನ್ ಮತ್ತು ಟಾಮ್ಲಿನ್ ಎಂಬ ವಿಜ್ಞಾನಿಗಳು ಉಭಯಚರಗಳ ಅಂಡಕೋಶಗಳಿಂದ ತೆಗೆದ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಲಾಗಿ, ಅದರ ತುಂಬ ರಂಧ್ರಗಳಿದ್ದುವು. ಇವು ಬರಿಯ ತೂತುಗಳಲ್ಲ, ಕಾವಲುಳ್ಳ ಬಾಗಿಲುಗಳು. ಸಣ್ಣ ಅಣುಗಳು ತಾವಾಗಿ ನುಸುಳಬಲ್ಲುವು. ದೊಡ್ಡ ಪ್ರೋಟೀನು ಒಳಹೋಗಬೇಕಾದರೆ ಅದಕ್ಕೆ ತಕ್ಕ ಗುರುತಿರಬೇಕು. ಆ ಗುರುತನ್ನು ಹಿಡಿದು ಅದನ್ನು ಒಳಕ್ಕೆ ಸಾಗಿಸುವ ವಾಹಕ ಪ್ರೋಟೀನುಗಳೂ ಇವೆ.

ಇಷ್ಟೊಂದು ಕಟ್ಟುಪಾಡು ಏತಕ್ಕೆ? ಡಿ.ಎನ್.ಎ.ಯಲ್ಲಿರುವ ಆದೇಶವು ಆರ್.ಎನ್.ಎ. ಎಂಬ ನಕಲಾಗಿ ಹೊರಬಂದಮೇಲೆಯೇ ಪ್ರೋಟೀನಿನ ತಯಾರಿಕೆ. ಬ್ಯಾಕ್ಟೀರಿಯಗಳಿಗೆ ಕೋಶಕೇಂದ್ರವಿಲ್ಲ, ಅಲ್ಲಿ ನಕಲು ಮುಗಿಯುವ ಮುನ್ನವೇ ತಯಾರಿಕೆ ಮೊದಲಾಗುತ್ತದೆ. ನಮ್ಮ ಜೀವಕೋಶಗಳಲ್ಲಾದರೋ ನಕಲಿನ ನಡುನಡುವೆ ಬೇಡದ ಭಾಗಗಳು ಬಹಳ. ಅವನ್ನು ಕತ್ತರಿಸಿ, ಉಳಿದುದನ್ನು ಬೆಸೆದು ಸಿದ್ಧಪಡಿಸುವ ತನಕ ಪೊರೆಯು ನಕಲನ್ನು ಒಳಗೇ ತಡೆದಿರಿಸುತ್ತದೆ.

ಈ ತಿದ್ದುವಿಕೆ ತಪ್ಪಿದರೆ ಗತಿಯೇನು? ಪೊರೆಯ ಒಳಮೈಗೆ ಹೊಂದಿಕೊಂಡು ಲ್ಯಾಮಿನ್ ಎಂಬ ಪ್ರೋಟೀನಿನ ಜಾಲವಿದೆ. ಕೋಶಕೇಂದ್ರದ ಆಕಾರಕ್ಕೆ ಇದೇ ಆಧಾರ. ಎಳೆಯ ಮಕ್ಕಳನ್ನು ಅಕಾಲ ಮುಪ್ಪಿಗೆ ನೂಕುವ ಪ್ರೊಜೀರಿಯ ಎಂಬ ವಿರಳ ರೋಗದ ಮೂಲವು ಲ್ಯಾಮಿನ್-ಎ ಪ್ರೋಟೀನಿನ ಜೀನ್‌ನಲ್ಲಿದೆಯೆಂದು ೨೦೦೩ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ ಅಲ್ಲಿ ಬದಲಾಗಿರುವುದು ಡಿ.ಎನ್.ಎ.ಯ ಒಂದೇ ಒಂದು ಅಕ್ಷರ. ಅದರಿಂದಾಗಿ ನಕಲನ್ನು ತಿದ್ದುವಾಗ ಬೇಕಾದ ತುಣುಕೊಂದು ಕತ್ತರಿಸಿಹೋಗುತ್ತದೆ. ಊನಗೊಂಡ ಪ್ರೋಟೀನು ಪೊರೆಗೆ ಅಂಟಿಕೊಂಡು ಕೋಶಕೇಂದ್ರವನ್ನು ವಿಕಾರಗೊಳಿಸುತ್ತದೆ. ಮಗುವಿನ ಕೂದಲು ಉದುರುತ್ತದೆ, ಧಮನಿಗಳು ಗಡುಸಾಗುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಹದಿಹರೆಯದಲ್ಲೇ ಹೃದ್ರೋಗದಿಂದ ಮರಣ.

ಆ ಪ್ರೋಟೀನು ಪೊರೆಗೆ ಅಂಟುವುದನ್ನು ಕುಗ್ಗಿಸುವ ಲೋನಾಫಾರ್ನಿಬ್ ಎಂಬ ಔಷಧಕ್ಕೆ ೨೦೨೦ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ರೋಗವನ್ನು ಗುಣಪಡಿಸದು. ಆದರೆ ಆಯುಸ್ಸಿಗೆ ಕೆಲವು ವರುಷಗಳನ್ನು ಕೂಡಿಸುತ್ತದೆ. ಕಣ್ಣಿಗೆ ಕಾಣದ ಪೊರೆಯೊಂದರ ರಚನೆಯನ್ನು ಅರಿತುದರ ಫಲವಿದು.