ಮಗನ ಬೈಕ್‌ಗೆ ಹೊಸ ಶಾಕಪ್: ‘ಬೇಡ’ ಅನ್ನುವ ಮೊದಲು...

‘ಅಮ್ಮಾ, ಹದಿನೆಂಟು ಸಾವಿರ ಬೇಕಿತ್ತು...’

ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಅದು ಸಿಡಿಯೋದಕ್ಕೂ ಮಗ ಬಾಯಿ ಬಿಡೋದಕ್ಕೂ ಸರಿಹೋಯಿತು. ಚೀಟಿ ದುಡ್ಡು ಬಂದಿರೋ ವಿಷಯ ಹೇಗೋ ಗೊತ್ತಾಗಿರಬೇಕು.

‘ಯಾಕೋ?’ ಅಂದೆ. ‘ಬೈಕ್‌ಗೆ ಹೊಸ ಶಾಕಪ್, ಸೈಲೆನ್ಸರ್, ಏರ್ ಫಿಲ್ಟರ್. ಎಲ್ಲಾ ಹಾಕಿಸಿದ್ರೆ ಗಾಡಿ ಬೇರೆ ಲೆವೆಲ್‌ಗೆ ಹೋಗುತ್ತಮ್ಮಾ.’ ಹಾಲ್‌ನಿಂದ ನಮ್ಮನೆಯವರ ದನಿ ಬಂತು: ‘ಗಾಡಿ ತಗೊಂಡಾಗ ಅವೆಲ್ಲ ಇರಲಿಲ್ವೇನೋ?’

ಬೈಕ್ ಇರುವ ಹುಡುಗನನ್ನು ಸಾಕುತ್ತಿರುವ ಎಲ್ಲ ಮನೆಯಲ್ಲೂ ಈ ಮಾತು ಒಂದಲ್ಲ ಒಂದು ದಿನ ಬರುತ್ತೆ. ನಾವು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಒಂದೋ ‘ಬೇಡ’ ಅಂದುಬಿಡ್ತೀವಿ, ಇಲ್ಲವೇ ಮುಖ ಸಪ್ಪಗೆ ಮಾಡ್ಕೊಂಡ ಅಂತ ದುಡ್ಡು ಕೊಟ್ಟು ಸುಮ್ಮನಾಗ್ತೀವಿ. ಎರಡೂ ತಪ್ಪು ಅಂತ ನನಗೆ ಗೊತ್ತಾಗಿದ್ದು ನನ್ನ ಸೆರಗು ಚಕ್ರಕ್ಕೆ ಸಿಕ್ಕಿಕೊಂಡ ದಿನ.

ಅವತ್ತು ಗಾಂಧಿ ಬಜಾರ್‌ನಿಂದ ಹೂವು, ಹಣ್ಣು ತಗೊಂಡು ಮಗನ ಹಿಂದೆ ಒಂದೇ ಕಡೆ ಕಾಲು ಹಾಕಿಕೊಂಡು ಕೂತಿದ್ದೆ. ಸಿಗ್ನಲ್ ಬಿಟ್ಟು ಹತ್ತು ಮಾರು ಹೋಗಿಲ್ಲ, ಹೆಗಲ ಮೇಲಿನ ಸೆರಗನ್ನು ಯಾರೋ ಜಗ್ಗಿ ಎಳೆದ ಹಾಗಾಯ್ತು. ನಾನು ಕಿರುಚಿದೆ, ಅವನು ಬ್ರೇಕ್ ಹಾಕಿದ. ವೇಗ ಕಡಿಮೆ ಇದ್ದದ್ದಕ್ಕೆ ಸೀರೆ ಹರಿದದ್ದರಲ್ಲೇ ಮುಗಿಯಿತು. ಕೆಳಗೆ ನೋಡಿದರೆ ಹಿಂದಿನ ಚಕ್ರದ ಪಕ್ಕ ಇರಬೇಕಾದ ಸ್ಯಾರಿ ಗಾರ್ಡೇ ಇಲ್ಲ! ಒಂದು ಅಂಗಡಿಯಲ್ಲಿ ‘ಲುಕ್ ಚೆನ್ನಾಗಿರುತ್ತೆ’ ಅಂತ ಬಿಚ್ಚಿಸಿಬಿಟ್ಟಿದ್ದ. ಅದರ ಜೊತೆ ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಯೂ ಹೋಗಿತ್ತು. ಆ ಐನೂರು ರೂಪಾಯಿ ಕೊಟ್ಟವಳು ನಾನೇ. ಯಾಕೆ, ಏನು ಅಂತ ಒಂದು ಮಾತೂ ಕೇಳಿರಲಿಲ್ಲ.

ಅದಕ್ಕೇ ಈ ಸಲ ಹದಿನೆಂಟು ಸಾವಿರ ಅಂದಾಗ ನಾನು ಬೇಡ ಅನ್ನಲಿಲ್ಲ. ‘ನಡಿ, ನಾನೂ ಬರ್ತೀನಿ’ ಅಂದೆ.

ರೋಡ್‌ಸ್ಟರ್ ಅಂದರೆ...

ಮೊದಲೆಲ್ಲ ಮೇಲ್ಛಾವಣಿ ತೆಗೆಯಬಹುದಾದ, ಎರಡೇ ಸೀಟಿನ ಚಿಕ್ಕ ಕಾರಿಗೆ ರೋಡ್‌ಸ್ಟರ್ ಅನ್ನುತ್ತಿದ್ದರು. 1989ರಲ್ಲಿ ಬಂದ ಜಪಾನಿನ ಮಜ್ದಾ ಎಂಎಕ್ಸ್-5 ಅದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಬೀದಿಗಳಲ್ಲಿ ಈಗ ಈ ಹೆಸರು ಬೈಕ್‌ಗಳಿಗೆ ಬಂದಿದೆ. ಮುಂದೆ ದೊಡ್ಡ ಗಾಳಿಗವಚ ಇಲ್ಲದ, ನೆಟ್ಟಗೆ ಕೂತು ಓಡಿಸುವ, ಎಂಜಿನ್ ಎದ್ದು ಕಾಣುವ ಗಾಡಿಗಳಿವು. 2022ರಲ್ಲಿ ಬಂದ ಹಂಟರ್ 350 ಈ ಜಾತಿಯದೇ. ಮೈಮೇಲೆ ಮುಚ್ಚಳ ಕಡಿಮೆ ಇರೋದ್ರಿಂದ ಬಿಚ್ಚೋದೂ ಸುಲಭ, ಹಾಕೋದೂ ಸುಲಭ. ಹುಡುಗರ ಕೈ ಸುಮ್ಮನಿರುತ್ತಾ?

ಶಾಕಪ್ ಮಾಡೋದೇನು?

ಮೆಕ್ಯಾನಿಕ್‌ಗಳ ಬಾಯಲ್ಲಿ ಶಾಕ್ ಅಬ್ಸಾರ್ಬರ್ ಅಂದ್ರೆ ‘ಶಾಕಪ್’. ಇದರಲ್ಲಿ ಎರಡು ಭಾಗ. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತೆ. ಒಳಗಿನ ಕೊಳವೆಯಲ್ಲಿರುವ ಎಣ್ಣೆ ಆ ಸ್ಪ್ರಿಂಗ್ ಕುಣಿಯದ ಹಾಗೆ ತಡೆಯುತ್ತೆ. ಎಣ್ಣೆ ಸೋರಿಹೋದರೆ ಗಾಡಿ ಹಂಪ್ ದಾಟಿದ ಮೇಲೂ ತೊಟ್ಟಿಲಿನ ಹಾಗೆ ತೂಗುತ್ತಲೇ ಇರುತ್ತೆ.

ತೀರಾ ಗಟ್ಟಿ ಶಾಕಪ್ ಕೂಡ ಒಳ್ಳೆಯದಲ್ಲ. ಗುಂಡಿಗೆ ಇಳಿದಾಗ ಚಕ್ರ ನೆಲವನ್ನು ಹಿಡಿದುಕೊಂಡಿರದೆ ಪುಟಿಯುತ್ತೆ. ಚಕ್ರ ನೆಲ ಬಿಟ್ಟಿದ್ದಾಗ ಬ್ರೇಕ್ ಹಿಡಿದು ಏನು ಪ್ರಯೋಜನ? ಹಿಂದೆ ಕೂತ ನಮ್ಮ ಸೊಂಟದ ಗತಿಯಂತೂ ಕೇಳಲೇಬೇಡಿ.

ದುಡ್ಡು ಕೊಡುವ ಮೊದಲು ಮನೆಯ ಮುಂದೆಯೇ ಈ ಪರೀಕ್ಷೆಗಳನ್ನು ಮಾಡಿಸಿ. ಖರ್ಚು ಸೊನ್ನೆ.

* ಸೀಟಿನ ಹಿಂಭಾಗವನ್ನು ಎರಡೂ ಕೈಯಿಂದ ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಒಳಗಿನ ಎಣ್ಣೆಯ ಕೆಲಸ ಮುಗಿದಿದೆ.

* ಶಾಕಪ್‌ನ ಹೊಳೆಯುವ ಕಂಬಿಯ ಮೇಲೆ, ಮುಂದಿನ ಫೋರ್ಕ್ ಮೇಲೆ ಬೆರಳು ಸವರಿ. ಜಿಡ್ಡು ಅಂಟಿದರೆ ಸೋರಿಕೆ ಇದೆ.

* ಗಾಡಿಯನ್ನು ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಸ್ಟ್ಯಾಂಡ್ ಇಳಿಸಿ, ದಿನಾ ಕೂರುವವರು ಕೂತ ಮೇಲೆ ಮತ್ತೆ ಅದೇ ಅಳತೆ. ಎಷ್ಟು ತಗ್ಗಿತು ಅನ್ನೋದು ಶಾಕಪ್‌ನಿಂದ ಚಕ್ರ ಒಟ್ಟು ಆಡುವ ದೂರದ ಮೂರನೇ ಒಂದು ಭಾಗ ಮೀರಬಾರದು. ಒಟ್ಟು ದೂರ ಗಾಡಿಯ ಪುಸ್ತಕದಲ್ಲಿರುತ್ತೆ.

ನಮ್ಮ ಗಾಡಿಯಲ್ಲಿ ಈ ದೂರ ಸುಮಾರು 100 ಮಿಲಿಮೀಟರ್. ಮಗ ಒಬ್ಬನೇ ಕೂತಾಗ 28 ತಗ್ಗಿತು, ನಾನೂ ಕೂತಾಗ 41! ಹಂಪ್ ಸಿಕ್ಕಿದಾಗಲೆಲ್ಲ ‘ಧಡ್’ ಅಂತಿದ್ದದ್ದು ಇದಕ್ಕೇ. ಇಂಥ ಬೈಕ್‌ಗಳ ಹಿಂದಿನ ಶಾಕಪ್‌ನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತೆ. ಗಾಡಿಯ ಟೂಲ್ ಕಿಟ್‌ನಲ್ಲಿರುವ ಕೊಕ್ಕೆ ಸ್ಪ್ಯಾನರ್‌ನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಮೊದಲೇ ಸ್ವಲ್ಪ ಒತ್ತಿಕೊಂಡು, ಗಾಡಿ ತಗ್ಗೋದು ಕಡಿಮೆಯಾಗುತ್ತೆ. ಗಾಡಿ ತಂದ ಮೂರು ವರ್ಷದಲ್ಲಿ ನಮ್ಮವನು ಅದನ್ನು ಮುಟ್ಟಿಯೇ ಇರಲಿಲ್ಲ. ಎರಡು ಮೆಟ್ಟಿಲು ಏರಿಸಿದ ಮೇಲೆ 41 ಇದ್ದದ್ದು 33ಕ್ಕೆ ಬಂತು. ಎರಡೂ ಕಡೆ ಒಂದೇ ಮೆಟ್ಟಿಲಿಗೆ ಇರಬೇಕು, ಅದು ಮುಖ್ಯ.

ಆದರೆ ಬೆರಳು ಸವರಿದಾಗ ಎಡಗಡೆಯದಕ್ಕೆ ಜಿಡ್ಡು ಹತ್ತಿತು. ಅಂದರೆ ಶಾಕಪ್ ಬೇಕು ಅಂದದ್ದರಲ್ಲಿ ಮಗನ ಮಾತೂ ಸುಳ್ಳಲ್ಲ. ಪೂರ್ತಿ ಬೇಡ ಅಂದಿದ್ದರೆ ಸೋರುವ ಶಾಕಪ್‌ನಲ್ಲೇ ಓಡಾಡುತ್ತಿದ್ದ!

ಅಂಗಡಿಯಲ್ಲಿ ಕೇಳಬೇಕಾದ್ದು

ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದ್ರೆ ಜೆ.ಸಿ. ರಸ್ತೆ. ಅಲ್ಲಿ ಅಂಗಡಿ ಮುಂದೆ ನಿಂತ ಹೆಂಗಸು ನಾನೊಬ್ಬಳೇ. ಸಂಕೋಚ ಪಡಬೇಡಿ, ಸೀರೆ ಅಂಗಡಿಯಲ್ಲಿ ಕೇಳೋ ಹಾಗೇ ಕೇಳಿ.

* ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷಕ್ಕೆ ಅಂತಲೇ ಮಾಡಿದ್ದಾ? ‘ಎಲ್ಲಕ್ಕೂ ಆಗುತ್ತೆ’ ಅಂದ್ರೆ ಬೇಡ. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಹಳೆಯದರಷ್ಟೇ ಇರಬೇಕು. ಬುಷ್‌ನ ತೂತಿನ ಅಳತೆಯೂ ಅಷ್ಟೇ.

* ‘ಸ್ವಲ್ಪ ಉದ್ದ ಇದ್ರೆ ಸ್ಪೋರ್ಟಿ’ ಅಂತಾರೆ. ಉದ್ದವಾದರೆ ಹಿಂಭಾಗ ಎದ್ದು ಹ್ಯಾಂಡಲ್ ಚಂಚಲವಾಗುತ್ತೆ, ಪಕ್ಕದ ಸ್ಟ್ಯಾಂಡ್ ಹಾಕಿದಾಗ ಗಾಡಿ ಜಾಸ್ತಿ ವಾಲುತ್ತೆ. ಗಿಡ್ಡವಾದರೆ ಹಂಪ್‌ಗೆ ಹೊಟ್ಟೆ ಉಜ್ಜುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ.

* ಯಾವಾಗಲೂ ಜೋಡಿ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಅಂದ್ರೆ ಎರಡೂ ಕಡೆ ಬೇರೆ ಬೇರೆ ಬಲ.

* ಗುಜರಿ ಮಾಲು ಬೇಡವೇ ಬೇಡ. ಬಣ್ಣ ಹೊಡೆದರೆ ಹೊರಗೆ ಹೊಸದು, ಒಳಗಿನ ಎಣ್ಣೆ, ಸೀಲ್ ಯಾರಿಗೆ ಕಾಣುತ್ತೆ?

* ಡಬ್ಬದ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ತಯಾರಕರ ವಿಳಾಸ ನೋಡಿ. ಜಿಎಸ್‌ಟಿ ಬಿಲ್ ಕೇಳಿ. ‘ಬಿಲ್ ಇಲ್ದೆ ಕಡಿಮೆ ಆಗುತ್ತೆ’ ಅಂದರೆ ಗ್ಯಾರಂಟಿಯೂ ಇಲ್ಲ ಅಂತಲೇ ಅರ್ಥ.

ಹಾಕಿಸುವಾಗ ಪಕ್ಕದಲ್ಲೇ ಇರಿ

ಗಾಡಿ ನಡು ಸ್ಟ್ಯಾಂಡ್ ಮೇಲಿರಲಿ. ಒಂದು ಕಡೆಯದನ್ನು ಬಿಚ್ಚಿ ಹಾಕಿದ ಮೇಲೆ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಬಿಚ್ಚಿದರೆ ಹಿಂಭಾಗ ಕುಸಿಯುತ್ತೆ. ವಾಷರ್‌ಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಹೋಗಬೇಕು. ಮಗನಿಗೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಲು ಹೇಳಿ. ಬೋಲ್ಟ್‌ಗಳನ್ನು ಇಷ್ಟೇ ಬಿಗಿ ಮಾಡಬೇಕು ಅಂತ ಕಂಪನಿಯ ಲೆಕ್ಕ ಇರುತ್ತೆ. ಅದನ್ನು ಅಳೆಯುವ ಟಾರ್ಕ್ ರೆಂಚ್ ಇರುವ ಗ್ಯಾರೇಜನ್ನೇ ಹುಡುಕಿ. ಕೆಲಸ ಮುಗಿದ ಮೇಲೆ ಚೈನ್ ಸಡಿಲ, ಟೈರ್ ಗಾಳಿ ನೋಡಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು. ಆ ಮೊದಲ ದಿನಗಳಲ್ಲಿ ನಂದಿ ಬೆಟ್ಟದ ಸವಾರಿ ಬೇಡ, ನಮ್ಮ ಏರಿಯಾದಲ್ಲೇ ಸಾಕು.

ಸೈಲೆನ್ಸರ್ ವಿಷಯಕ್ಕೆ ಬಂದರೆ...

ಇಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್-6 ಬೈಕ್‌ಗಳ ಹೊಗೆ ಕೊಳವೆಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ, ಪೆಟ್ರೋಲ್ ಲೆಕ್ಕಕ್ಕೆ ನೆರವಾಗುವ ಆಕ್ಸಿಜನ್ ಸೆನ್ಸರ್ ಇರುತ್ತೆ. ಅದನ್ನೆಲ್ಲ ಕಿತ್ತು ಬರೀ ಕೊಳವೆ ಹಾಕಿದರೆ ಜಾಸ್ತಿಯಾಗೋದು ಸದ್ದು, ಶಕ್ತಿಯಲ್ಲ. ಏರ್ ಫಿಲ್ಟರ್ ಕಥೆಯೂ ಹಾಗೇ. ಎಂಜಿನ್‌ನ ಉಳಿದದ್ದೆಲ್ಲ ಹಾಗೇ ಇದ್ದರೆ ದುಬಾರಿ ಫಿಲ್ಟರ್‌ನಿಂದ ಸಿಗುವ ಲಾಭ ತುಂಬಾ ಕಡಿಮೆ. ಕಂಪನಿಯದನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು.

ಕಾನೂನೂ ನಮ್ಮ ಕಡೆಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿ ಇಲ್ಲದೆ ಮಾಡಿಸಿದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸದ್ದು, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ‘ಮಾಲೀಕ’ ಅಂದರೆ ಆರ್‌ಸಿಯಲ್ಲಿ ಹೆಸರಿರುವವರು. ನಮ್ಮನೆಯಲ್ಲಿ ಅದು ಮಗನಲ್ಲ, ಅವರಪ್ಪ! ನಿಮ್ಮನೆಯಲ್ಲಿ ಯಾರ ಹೆಸರಿದೆ, ಇವತ್ತೇ ತೆಗೆದು ನೋಡಿ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಗಾಡಿ ಬದಲಿಸಿದ್ದರೆ ಕ್ಲೇಮ್ ತಿರಸ್ಕಾರವಾಗುವ ಅಪಾಯವೂ ಇದೆ.

ಟೈರ್ ಬದಲಿಸುವಾಗಲೂ ಅದೇ ಅಳತೆ ಇರಲಿ. ಅಳತೆ ಬದಲಾದರೆ ಮೀಟರ್ ತಪ್ಪು ವೇಗ ತೋರಿಸುತ್ತೆ, ಚಕ್ರದ ವೇಗ ನೋಡಿ ಕೆಲಸ ಮಾಡುವ ಎಬಿಎಸ್ ಬ್ರೇಕ್‌ಗೂ ಗೊಂದಲ.

ಬಿಚ್ಚಲೇಬಾರದ್ದು

ಸ್ಯಾರಿ ಗಾರ್ಡ್ ಅಲಂಕಾರದ ವಸ್ತುವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇದೆ: ಹಿಂದೆ ಕೂತವರಿಗೆ ಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮರೆ ಇರಬೇಕು. ಸೀರೆ, ದುಪಟ್ಟಾ ತೊಡುವ ನಮಗಾಗಿಯೇ ಇರುವ ನಿಯಮ ಇದು. ಕನ್ನಡಿಗಳೂ ಅಷ್ಟೇ, ಬಿಚ್ಚಿಸಬೇಡಿ.

ದುಡ್ಡು ಎಲ್ಲಿಗೆ ಮೊದಲು?

* ಮೊದಲು ಐಎಸ್‌ಐ ಗುರುತಿನ ಹೆಲ್ಮೆಟ್, ಓಡಿಸುವವರಿಗೂ ಹಿಂದೆ ಕೂರುವವರಿಗೂ.
* ಆಮೇಲೆ ಟೈರ್ ಮತ್ತು ಬ್ರೇಕ್ ಪ್ಯಾಡ್.
* ಮೂರನೆಯದು ಶಾಕಪ್, ಮುಂದಿನ ಫೋರ್ಕ್‌ನ ಎಣ್ಣೆ ಮತ್ತು ಸೀಲ್.
* ಇಷ್ಟೂ ಸರಿಯಿದ್ದು ದುಡ್ಡು ಉಳಿದರೆ ಸೀಟು, ಬ್ಯಾಗು, ಶೋಕಿ.

ಅದೇ ಅಳತೆಯ ಶಾಕಪ್, ಟೈರ್ ಹಾಕಿಸುವುದು ರಿಪೇರಿ. ಗಾಡಿಯ ರೂಪ, ಸದ್ದು, ಶಕ್ತಿ ಬದಲಿಸುವುದು ಬೇರೆ ಮಾತು. ಮಕ್ಕಳ ಜೊತೆ ಮಾತಾಡುವಾಗ ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೊನೆಗೆ ನಮ್ಮ ಹದಿನೆಂಟು ಸಾವಿರ ಏನಾಯ್ತು ಅಂತೀರಾ? ಒಂದು ಜೊತೆ ಶಾಕಪ್, ಬ್ರೇಕ್ ಪ್ಯಾಡ್, ಫೋರ್ಕ್ ಎಣ್ಣೆ, ನನಗೊಂದು ಹೆಲ್ಮೆಟ್. ಸ್ಯಾರಿ ಗಾರ್ಡ್, ಹಿಡಿ ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು, ಮಗನೇ ಇಳಿಸಿ ಹಾಕಿದ. ಎಲ್ಲ ಸೇರಿ ಕೇಳಿದ್ದಕ್ಕಿಂತ ಕಡಿಮೆಗೇ ಮುಗಿಯಿತು. ಉಳಿದದ್ದು ಮತ್ತೆ ಡಬ್ಬಿಗೆ.

ಮೊನ್ನೆ ಶುಕ್ರವಾರ ಮತ್ತೆ ಗಾಂಧಿ ಬಜಾರ್‌ಗೆ ಹೋಗಿದ್ವಿ. ಹಂಪ್ ಬಂದಾಗ ಮೈ ಬಿಗಿ ಹಿಡಿದುಕೊಂಡೆ. ಆದರೆ ಆ ‘ಧಡ್’ ಬರಲೇ ಇಲ್ಲ. ‘ಹೇಗಿದೆ ಅಮ್ಮಾ?’ ಅಂದ. ‘ಚೆನ್ನಾಗಿದೆ ಕಣೋ, ಸ್ವಲ್ಪ ನಿಧಾನಕ್ಕೆ ಹೋಗು’ ಅಂದೆ. ನಿಧಾನ ಮಾಡಿದ.

ನಿಮ್ಮನೆಯಲ್ಲೂ ಇಂಥ ಬೇಡಿಕೆ ಬಂದರೆ ಥಟ್ಟನೆ ಬೇಡ ಅನ್ನಬೇಡಿ, ಸುಮ್ಮನೆ ದುಡ್ಡನ್ನೂ ಕೊಡಬೇಡಿ. ಒಂದು ಟೇಪ್, ಒಂದು ಪಟ್ಟಿ ಹಿಡ್ಕೊಂಡು ಜೊತೆಗೆ ಹೊರಡಿ. ಹಿಂದಿನ ಸೀಟಿನಲ್ಲಿ ಕೂರುವವರು ನಾವೇ ತಾನೇ?